ತಮಿಳು ಬರ್ದೇ ಇರೋರು ಆಳ್ವಾರ್-ನಾಯನ್ಮಾರ್ ಹಾಡು ಓದೋಕೆ ಶುರು ಮಾಡೋದು ಹೇಗೆ

ಮೊದಲು ಏನು ಮಾಡ್ಬಾರ್ದು ಅಂತ ಹೇಳ್ಬಿಡ್ತೀನಿ, ಯಾಕಂದ್ರೆ ನಾನು ಮಾಡಿದ್ದು ಅದೇ. ಆಳ್ವಾರರ ಹಾಡುಗಳ ಸಂಗ್ರಹ ನಾಲಾಯಿರ ದಿವ್ಯಪ್ರಬಂಧದ ಪೂರ್ತಿ ಸೆಟ್ ತಂದೆ, ನಾಲಾಯಿರ ಅಂದ್ರೆ ನಾಲ್ಕು ಸಾವಿರ, ದಿನಕ್ಕೆ ಹತ್ತು ಪದ್ಯ ಓದಿದ್ರೆ 400 ದಿನಕ್ಕೆ ಮುಗೀತು ಅಂತ ಲೆಕ್ಕ ಹಾಕ್ದೆ, ಎರಡನೇ ವಾರಕ್ಕೆ ಕೈಬಿಟ್ಟೆ, ಆಮೇಲೆ ಎರಡು ವರ್ಷ ಆ ಪುಸ್ತಕಗಳು ಕರೆಂಟ್ ಬಿಲ್ ಹಾರಿಹೋಗದ ಹಾಗೆ ಒತ್ತಿಡೋಕೆ ಉಪಯೋಗಕ್ಕೆ ಬಂದ್ವು. ಶೈವರ ಕಡೆ ಹೋದ್ರೆ ಇನ್ನೂ ಕಷ್ಟ, ತೇವಾರಂ ಒಂದರಲ್ಲೇ ಸುಮಾರು 800 ಹಾಡು, 8000 ಪದ್ಯದ ಮೇಲೆ. ಇದನ್ನ ಕಾದಂಬರಿ ಥರ ಮೊದಲ ಪುಟದಿಂದ ಕೊನೆ ಪುಟದವರೆಗೆ ಓದೋದಲ್ಲ. ಹತ್ತೇ ಹತ್ತು ಪದ್ಯ ಬಾಯಿಗೆ ಬರಬೇಕು, ಅಷ್ಟಾದ್ರೆ ಉಳಿದಿದ್ದು ತಾನಾಗೇ ಎಳ್ಕೊಂಡು ಹೋಗುತ್ತೆ.

ಯಾರು ಯಾರು ಅನ್ನೋದನ್ನ ಬೇಗ ಹೇಳಿ ಮುಗಿಸ್ತೀನಿ. ವಿಷ್ಣುವಿನ ಮೇಲೆ ಹಾಡಿದೋರು ಆಳ್ವಾರರು, ಒಟ್ಟು 12 ಜನ, ಅವರಲ್ಲಿ ಆಂಡಾಳ್ ಒಬ್ಬಳೇ ಹೆಣ್ಣು. ಶಿವಭಕ್ತರು ನಾಯನ್ಮಾರರು, 63 ಜನ, ಆದ್ರೆ ಅಷ್ಟೂ ಜನ ಕವಿಗಳಲ್ಲ, ಹಾಡು ಬರೆದೋರು ಕೆಲವರೇ. ಮುಖ್ಯವಾಗಿ ಅಪ್ಪರ್, ಸಂಬಂದರ್, ಸುಂದರರ್ ಈ ಮೂರು ಜನರ ಹಾಡು ಸೇರಿ ತೇವಾರಂ. ತಿರುವಾಚಕ ಬರೆದ ಮಾಣಿಕ್ಕವಾಚಕರ್ ಇಷ್ಟು ದೊಡ್ಡ ಕವಿ ಆದ್ರೂ 63ರ ಪಟ್ಟಿಯಲ್ಲಿ ಇಲ್ಲ, ಕ್ವಿಜ್‌ಗೆ ಬೇಕಾದ್ರೆ ಇಟ್ಕೊಳ್ಳಿ. ಕಾಲ ಸುಮಾರು 6ರಿಂದ 9ನೇ ಶತಮಾನ. ನಮಗೆ ನೆನಪಿರೋ ಹಾಗೆ ಹೇಳೋದಾದ್ರೆ, ಅಪ್ಪರ್ ಹಾಡ್ತಿದ್ದಾಗ ಬಾದಾಮಿಯಲ್ಲಿ ಇಮ್ಮಡಿ ಪುಲಕೇಶಿ ಕಾಲ, ಅಂದ್ರೆ ಬಸವಣ್ಣನವರಿಗಿಂತ ಐನೂರು ವರ್ಷ ಹಿಂದೆ.

ಒಂದು: ನಿಮಗೆ ಆಗ್ಲೇ ಗೊತ್ತಿರೋರಿಂದ ಶುರು ಮಾಡಿ

ಇದು ಹೊಸ ಲೋಕ ಅಂದ್ಕೊಳ್ಬೇಡಿ. ಬೇಡರ ಕಣ್ಣಪ್ಪ ಗೊತ್ತು ತಾನೇ, 1954ರಲ್ಲಿ ರಾಜ್‌ಕುಮಾರ್ ಹೀರೋ ಆಗಿ ಬಂದಿದ್ದೇ ಆ ಪಾತ್ರದಲ್ಲಿ, ಆ ಕಣ್ಣಪ್ಪ 63ರಲ್ಲಿ ಒಬ್ಬ. ನಂಜನಗೂಡು ದೇವಸ್ಥಾನದ ಒಳಗೆ ಸಾಲಾಗಿ ಮೂರ್ತಿಗಳು ನಿಂತಿರ್ತವಲ್ಲ, ನಮ್ಮಜ್ಜಿ ಅಲ್ಲಿ ನಡೀತಾ ನಡೀತಾ "ಅರವತ್ಮೂರ್ ಜನಕ್ಕೂ ಕೈ ಮುಗಿ" ಅಂತಿದ್ರು, ಅವರ್ಯಾರು ಅಂತ ನಾನೂ ಕೇಳ್ಲಿಲ್ಲ, ಅಜ್ಜೀನೂ ಹೇಳ್ಲಿಲ್ಲ. ಇವರೇ ಅವರು. ಹರಿಹರ ಕವಿ ಹಂಪೆಯಲ್ಲಿ ಕೂತು ಇವರ ಮೇಲೆ ರಗಳೆ ಬರೆದ, ನಂಬಿಯಣ್ಣನ ರಗಳೆಯ ನಂಬಿಯಣ್ಣನೇ ತಮಿಳಿನ ಸುಂದರರ್. ವಚನಗಳಲ್ಲಿ "ಪುರಾತನರು" ಅಂತ ಬಂದಾಗೆಲ್ಲ ಹೆಚ್ಚಾಗಿ ಇವರನ್ನೇ ನೆನೆಯೋದು.

"ಸೆಟ್ಟಿಯೆಂಬೆನೆ ಸಿರಿಯಾಳನ" ಅಂತ ಬಸವಣ್ಣನವರ ವಚನ ಇದ್ಯಲ್ಲ, ಆ ಸಿರಿಯಾಳ ತಮಿಳಲ್ಲಿ ಸಿರುತ್ತೊಂಡರ್. ನಮ್ಮ ಕಡೆ ಅವನು ಸೆಟ್ಟಿ, ಹೆಂಡತಿ ಚಂಗಳೆ, ಮಗ ಚೀಲಾಳ. 63 ಜನರ ಕಥೆ ಹೇಳೋ ತಮಿಳಿನ ಪೆರಿಯಪುರಾಣದಲ್ಲಿ ಅವನು ಮೊದಲು ಸೇನಾಪತಿ, ರಾಜನಿಗೋಸ್ಕರ ವಾತಾಪಿಯನ್ನ ಹಾಳು ಮಾಡಿ ಬಂದೋನು, ವಾತಾಪಿ ಅಂದ್ರೆ ನಮ್ಮ ಬಾದಾಮಿ! 642ರ ಪಲ್ಲವರ ದಾಳಿಗೆ ಇದನ್ನ ಜೋಡಿಸ್ತಾರೆ. ನಮ್ಮ ಊರು ಸುಟ್ಟೋನನ್ನ ನಾವು ಐನೂರು ವರ್ಷ ಬಿಟ್ಟು ಸೆಟ್ಟಿ ಮಾಡಿ ಮನೆಯೋನಾಗಿಸ್ಕೊಂಡ್ವಿ, ಯೋಚನೆ ಮಾಡಿದ್ರೆ ಮಜಾ ಅನ್ಸುತ್ತೆ.

ಎರಡು: ಲಿಪಿ ಕಲೀಬೇಡಿ, ಕಿವಿ ರೆಡಿ ಮಾಡ್ಕೊಳ್ಳಿ

ತಮಿಳು ಲಿಪಿ ಆಮೇಲೆ ಕಲಿಯಬಹುದು. ನಮ್ಮ ಅಯ್ಯಂಗಾರ್ ಮನೆಗಳಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚಾದ ಪ್ರಬಂಧದ ಪುಸ್ತಕ ಇದ್ದೇ ಇರುತ್ತೆ, ಮೇಲುಕೋಟೆಯಲ್ಲಿ ವಿಚಾರಿಸಿದ್ರೂ ಸಿಗುತ್ತೆ. ತೇವಾರ, ತಿರುವಾಚಕಕ್ಕೆ ಪ್ರಾಜೆಕ್ಟ್ ಮದುರೈ ಅನ್ನೋ ವೆಬ್‌ಸೈಟಲ್ಲಿ ತಮಿಳು ಪಠ್ಯ ಫ್ರೀ ಆಗಿದೆ, ಅದನ್ನ ಕಾಪಿ ಮಾಡಿ ಅಕ್ಷರಮುಖ ಅನ್ನೋ ಟೂಲ್‌ಗೆ ಹಾಕಿದ್ರೆ ಕನ್ನಡ ಲಿಪಿಗೆ ಬರುತ್ತೆ.

ಆದ್ರೆ ಇಲ್ಲಿ ಒಂದು ಗುಂಡಿ ಇದೆ, ನಾನು ಬಿದ್ದಿದ್ದೀನಿ. ತಮಿಳು ಲಿಪಿಯಲ್ಲಿ ಕ-ಗ, ತ-ದ, ಪ-ಬ ಎಲ್ಲಾ ಒಂದೊಂದೇ ಅಕ್ಷರ. ಅಕ್ಷರಕ್ಕೆ ಅಕ್ಷರ ಬದಲಾಯಿಸಿದ್ರೆ "ಮಾರ್ಕೞಿ", "ತಿಂಕಳ್" ಅಂತ ಬರುತ್ತೆ, ಅದನ್ನ ಹಾಗೇ ಓದಿದ್ರೆ ಪಕ್ಕದಲ್ಲಿ ತಮಿಳು ಬಲ್ಲೋರು ಇದ್ರೆ ನಗ್ತಾರೆ. ಸ್ಥೂಲವಾಗಿ ಹೀಗೆ ನೆನಪಿಟ್ಕೊಳ್ಳಿ: ಪದದ ಮೊದಲಲ್ಲಿ ಇದ್ರೆ ಅಥವಾ ಒತ್ತಕ್ಷರ ಆಗಿದ್ರೆ ಗಟ್ಟಿ, ಅಂದ್ರೆ ಕ, ತ, ಪ. ಅನುನಾಸಿಕ ಆದ ಮೇಲೆ ಅಥವಾ ಎರಡು ಸ್ವರದ ಮಧ್ಯೆ ಬಂದ್ರೆ ಮೆತ್ತಗೆ, ಗ, ದ, ಬ. ಹಾಗಾಗಿ ತಿಂಗಳ್. ಸಂಸ್ಕೃತದ ಪದಗಳು ಈ ನಿಯಮ ಕೇಳಲ್ಲ, ಅವು ನಿಮಗೆ ಹೇಗೂ ಗುರುತು ಸಿಗ್ತವೆ. ೞ ಅನ್ನೋ ಅಕ್ಷರ ನೋಡಿ ಹೆದರ್ಬೇಡಿ, ಹಳೆಗನ್ನಡದಲ್ಲೂ ಇತ್ತು, ನಾವು ಅದನ್ನ ಳ ಮಾಡ್ಕೊಂಡ್ವಿ ಅಷ್ಟೇ.

ಮೂರು: ಈ ಒಂದು ಸಾಲನ್ನ ಜೋರಾಗಿ ಓದಿ

ಮಾಣಿಕ್ಕವಾಚಕರ ತಿರುವಾಚಕದ ಮೊದಲ ಭಾಗ ಶಿವಪುರಾಣ ಅಂತ. ಹೆಸರು ನೋಡಿ ದೊಡ್ಡ ಪುರಾಣ ಅನ್ಕೋಬೇಡಿ, ನೂರು ಸಾಲಿಗೂ ಕಮ್ಮಿ. ಅದರಲ್ಲಿ ಜನ್ಮಗಳ ಲೆಕ್ಕ ಬರುತ್ತೆ:

ಪುಲ್ಲಾಗಿ ಪೂಡಾಯ್ ಪುೞುವಾಯ್ ಮರಮಾಗಿ
ಪಲ್ವಿರುಗಮಾಗಿ ಪರವೈಯಾಯ್ ಪಾಂಬಾಗಿ

ಎಲ್ಲೆಲ್ಲಿ ಪ ಇದೆಯೋ ಅಲ್ಲಿ ಹ ಹಾಕಿ ನೋಡಿ. ಪುಲ್ ಹುಲ್ಲಾಯ್ತು, ಪುೞು ಹುಳು ಆಯ್ತು, ಪಲ್ ಅಂದ್ರೆ ಹಲ, ವಿರುಗಂ ಅಂದ್ರೆ ಮೃಗ, ಪಾಂಬು ಹಾವು. ಮರ ಮರವೇ. ಪೂಡು ಅಂದ್ರೆ ಸಣ್ಣ ಗಿಡ, ಪರವೈ ಅಂದ್ರೆ ಹಕ್ಕಿ, ಈ ಎರಡು ಮಾತ್ರ ಕೇಳಿ ತಿಳ್ಕೋಬೇಕು. ಹುಲ್ಲಾಗಿ, ಗಿಡವಾಗಿ, ಹುಳುವಾಗಿ, ಮರವಾಗಿ, ಹಲ ಮೃಗವಾಗಿ, ಹಕ್ಕಿಯಾಗಿ, ಹಾವಾಗಿ... ಹಿಂಗೇ ಹೋಗಿ ಕೊನೆಗೆ ಎಲ್ಲಾ ಜನ್ಮಾನೂ ಹುಟ್ಟಿ ಬಳಲಿಬಿಟ್ಟೆ ಅಂತಾನೆ. ಡಿಕ್ಷನರಿ ಇಲ್ದೇ ಸಾವಿರ ವರ್ಷ ಹಿಂದಿನ ಬೇರೆ ಭಾಷೆಯ ಪದ್ಯ ಮುಕ್ಕಾಲು ಪಾಲು ಅರ್ಥ ಆಯ್ತಲ್ಲ, ನನಗಂತೂ ಮೊದಲ ಸಲ ಮೈ ಜುಮ್ಮಂತು. ಸ್ಕೂಲಲ್ಲಿ ಪಂಪನ ಪದ್ಯ ಬಾಯಿಪಾಠ ಮಾಡ್ವಾಗ ಬೈಕೊಂಡಿದ್ದೆಲ್ಲ ಇಲ್ಲಿ ಉಪಯೋಗಕ್ಕೆ ಬಂತು, ಪಾಲ್, ಪೂ, ಪುಲಿ ಅಂತ ಹಳೆಗನ್ನಡವೂ ಪ ಇಟ್ಕೊಂಡೇ ಇತ್ತು.

ಇನ್ನೆರಡು ಕೀಲಿ ಕೊಡ್ತೀನಿ. ಪದದ ಮೊದಲಿನ ವ ನಮ್ಮಲ್ಲಿ ಬ ಆಗುತ್ತೆ: ವಾಯ್ ಬಾಯಿ, ವಿಲ್ ಬಿಲ್ಲು. ಕೊನೆಯ ಐ ನಮ್ಮಲ್ಲಿ ಎ: ತಲೈ ತಲೆ, ಮೞೈ ಮಳೆ. ಈಗ ತಿರುಪತಿಗೆ ಹೋಗೋರು ಇದನ್ನ ನೋಡಿ. ಗರ್ಭಗುಡಿಯ ಹೊಸ್ತಿಲಿಗೆ ಕುಲಶೇಖರ ಪಡಿ ಅಂತಾರಲ್ಲ, ಅದು ಕುಲಶೇಖರ ಆಳ್ವಾರರ ಈ ಸಾಲಿಂದ ಬಂದ ಹೆಸರು: "ಪಡಿಯಾಯ್ ಕಿಡಂದು ಉನ್ ಪವಳವಾಯ್ ಕಾಣ್ಬೇನೇ". ಪಡಿ ಅಂದ್ರೆ ಮೆಟ್ಟಿಲು, ಪವಳ ಹವಳ, ವಾಯ್ ಬಾಯಿ, ಕಾಣ್ ಕಾಣು. ಮೆಟ್ಟಿಲಾಗಿ ಬಿದ್ಕೊಂಡು ನಿನ್ನ ಹವಳದ ಬಾಯಿ ನೋಡ್ತಿರ್ತೀನಿ. ನಮ್ಮನ್ನ ಅಲ್ಲಿ ಎರಡು ಸೆಕೆಂಡ್ ನಿಲ್ಲೋಕೆ ಬಿಡಲ್ಲ, ಈ ಮನುಷ್ಯ ಪರ್ಮನೆಂಟ್ ಆಗಿ ಇರೋಕೆ ಐಡಿಯಾ ಮಾಡಿದ.

ಮೂರನೇ ಪದ್ಯ ಅಪ್ಪರ್‌ದು. ಕಥೆ ಹೀಗಿದೆ, ಅವರು ಜೈನರಾಗಿದ್ದು ಮತ್ತೆ ಶೈವಕ್ಕೆ ಬಂದ್ರು ಅಂತ ಪಲ್ಲವ ರಾಜ ಸುಣ್ಣ ಸುಡೋ ಗೂಡಿನೊಳಗೆ ಏಳು ದಿನ ಕೂಡಿ ಹಾಕಿಸ್ದ. ಒಳಗೆ ಕೂತು ಅವರು ಹಾಡಿದ್ದು:

ಮಾಸಿಲ್ ವೀಣೈಯುಂ ಮಾಲೈ ಮದಿಯಮುಂ
ವೀಸು ತೆಂಡ್ರಲುಂ ವೀಂಗಿಳ ವೇನಿಲುಂ
ಮೂಸು ವಂಡರೈ ಪೊಯ್ಗೈಯುಂ ಪೋಂಡ್ರದೇ
ಈಸನ್ ಎಂದೈ ಇಣೈಯಡಿ ನೀೞಲೇ

ದೋಷ ಇಲ್ಲದ ವೀಣೆ, ಸಂಜೆ ಚಂದ್ರ, ಬೀಸೋ ತೆಂಕಣ ಗಾಳಿ, ಎಳೆ ಬೇಸಿಗೆ, ದುಂಬಿ ಮುತ್ತಿರೋ ಕೊಳ, ಈ ಥರ ಇದೆ ನನ್ನ ತಂದೆ ಈಶನ ಜೋಡಿ ಪಾದದ ನೆರಳು. ಬೆಂಕಿ ಅನ್ನೋ ಪದವೇ ಇಲ್ಲ ನೋಡಿ! ಕಿವಿಗೆ, ಕಣ್ಣಿಗೆ, ಚರ್ಮಕ್ಕೆ ತಂಪಾಗೋದೆಲ್ಲ ಒಂದೊಂದಾಗಿ ತಂದಿಟ್ಟು ಕೊನೆಯಲ್ಲಿ ನೆರಳು ಅನ್ನೋ ಪದಕ್ಕೆ ಬಂದು ನಿಲ್ತಾರೆ. ಕಥೆ ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು, ಪದ್ಯ ಮಾತ್ರ ಕಥೆ ಇಲ್ದಿದ್ರೂ ನಿಲ್ಲುತ್ತೆ.

ನಾಲ್ಕು: ಮಾತಾಡ್ತಿರೋದು ಯಾರು ಅಂತ ಕೇಳ್ಕೊಳ್ಳಿ

ಇದು ಗೊತ್ತಿಲ್ದೇ ಬಹಳ ಜನ ಕನ್‌ಫ್ಯೂಸ್ ಆಗ್ತಾರೆ. ನಮ್ಮ ವಚನ ಓದಿ ಅಭ್ಯಾಸ ಆದೋರಿಗೆ ಪದ್ಯದಲ್ಲಿ "ನಾನು" ಅಂದ್ರೆ ಕವಿನೇ ಅನ್ಸುತ್ತೆ. ತಮಿಳಲ್ಲಿ ಹಾಗಲ್ಲ, ಇವರ ಹಿಂದೆ ಸಂಗಂ ಕಾಲದ, ಅಂದ್ರೆ ತಮಿಳಿನ ಅತಿ ಹಳೆಯ ಕಾವ್ಯದ ಕಾಲದ, ಪ್ರೇಮಕಾವ್ಯದ ದೊಡ್ಡ ಸಂಪ್ರದಾಯ ಇದೆ, ಅಲ್ಲಿ ಹುಡುಗಿ, ಅವಳ ಗೆಳತಿ, ಅವಳ ತಾಯಿ ಹೀಗೆ ಪಾತ್ರಗಳು ಮಾತಾಡ್ತವೆ. ಭಕ್ತಿಕವಿಗಳು ಅದೇ ಅಚ್ಚನ್ನ ತಗೊಂಡು ನಲ್ಲನ ಜಾಗದಲ್ಲಿ ದೇವರನ್ನ ಇಟ್ರು.

ನಮ್ಮಾಳ್ವಾರರ ತಿರುವಾಯ್ಮೊೞಿಯಿಂದ ಒಂದು ನೋಡಿ: "ಉಣ್ಣುಂ ಸೋರು ಪರುಗು ನೀರ್ ತಿನ್ನುಂ ವೆಟ್ರಿಲೈಯುಂ ಎಲ್ಲಾಂ ಕಣ್ಣನ್". ಉಣ್ಣೋ ಅನ್ನ, ಕುಡಿಯೋ ನೀರು, ತಿನ್ನೋ ವೀಳ್ಯದೆಲೆ ಎಲ್ಲಾ ಕಣ್ಣನ್, ಅಂದ್ರೆ ಕೃಷ್ಣ. ಸಾಮಾನ್ಯವಾಗಿ ಇದನ್ನ ಕವಿಯ ಮಾತು ಅಂತ ಫಾರ್ವರ್ಡ್ ಮಾಡ್ತಾರೆ. ಆದ್ರೆ ಇಲ್ಲಿ ಮಾತಾಡ್ತಿರೋದು ಒಬ್ಬ ತಾಯಿ, ಬೆಳಗ್ಗೆ ಎದ್ದು ನೋಡಿದ್ರೆ ಮಗಳು ಮನೆಯಲ್ಲಿ ಇಲ್ಲ. ಊಟ, ನೀರು, ಎಲೆ ಅಡಿಕೆ ಎಲ್ಲಾ ಕೃಷ್ಣನೇ ಅಂತ ಕಣ್ಣೀರು ಹಾಕ್ತಿದ್ದ ಹುಡುಗಿ, ದಾರಿ ಕೇಳ್ಕೊಂಡು ಹೋಗಿ "ಪುಗುಮೂರ್ ತಿರುಕ್ಕೋಳೂರೇ", ಅವಳು ಹೊಕ್ಕಿರೋ ಊರು ತಿರುಕ್ಕೋಳೂರೇ ಸೈ ಅಂತ ತಾಯಿ ಲೆಕ್ಕ ಹಾಕ್ತಿದ್ದಾಳೆ. ಈಗ ಅನ್ನ, ನೀರು, ವೀಳ್ಯದೆಲೆ ಯಾಕೆ ಬಂತು ಅಂತ ಗೊತ್ತಾಯ್ತಲ್ಲ, ಮಗಳು ಊಟ ಮಾಡಿದ್ಲೋ ಇಲ್ವೋ ಅಂತ ನೋಡೋಳು ತಾಯಿ ತಾನೇ. ಇದನ್ನ ತತ್ವ ಅಂತ ಓದಿದ್ರೆ ಅರ್ಧ ಹೋಯ್ತು.

ಅಂದ ಹಾಗೆ ನಮ್ಮಾಳ್ವಾರರನ್ನ 1981ರಲ್ಲಿ ಇಂಗ್ಲಿಷಿಗೆ ತಂದು ಜಗತ್ತಿಗೆ ಪರಿಚಯ ಮಾಡಿಸಿದ್ದು ಮೈಸೂರಲ್ಲಿ ಹುಟ್ಟಿದ, ಕನ್ನಡದಲ್ಲೂ ಕವಿತೆ ಬರೆದ ಎ.ಕೆ. ರಾಮಾನುಜನ್. ಇಂಗ್ಲಿಷ್ ಓದೋಕೆ ತೊಂದರೆ ಇಲ್ಲ ಅನ್ನೋರು ಅದನ್ನ ಪಕ್ಕದಲ್ಲಿ ಇಟ್ಕೊಳ್ಳಿ.

ಐದು: ಕೊನೆ ಪದ್ಯ ಬಿಡ್ಬೇಡಿ

ಹಾಡುಗಳು ಹೆಚ್ಚಾಗಿ ಹತ್ತು-ಹನ್ನೊಂದು ಪದ್ಯದ ಕಟ್ಟು, ಶೈವರು ಪದಿಗಂ ಅಂತಾರೆ. ಕೊನೆ ಪದ್ಯದಲ್ಲಿ ಬಹಳ ಸಲ ಕವಿ ತನ್ನ ಹೆಸರು, ಊರು, ಈ ಹತ್ತು ಹಾಡಿದೋರಿಗೆ ಏನು ಸಿಗುತ್ತೆ ಅಂತ ಹೇಳ್ತಾನೆ. ನಮ್ಮ ವಚನಕಾರರ ಅಂಕಿತ ದೇವರ ಹೆಸರು, ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ, ದಾಸರದ್ದೂ ಅಷ್ಟೇ ಪುರಂದರ ವಿಠಲ. ಇವರು ಎದೆ ತಟ್ಕೊಂಡು ತಮ್ಮ ಹೆಸರೇ ಹೇಳ್ತಾರೆ. ಕುರುಗೂರಿನ ಶಠಗೋಪ ಹೇಳಿದ್ದು ಅಂತ ನಮ್ಮಾಳ್ವಾರ್. ಆಂಡಾಳ್ ಅಂತೂ ತಿರುಪ್ಪಾವೈ ಮೂವತ್ತನೇ ಪದ್ಯದಲ್ಲಿ, ಭಟ್ಟರ ಮಗಳು ಕೋದೈ ಹೇಳಿದ ಸಂಗತ್ತಮಿೞ್ ಮಾಲೆ, ಮೂವತ್ತನ್ನೂ ತಪ್ಪದೇ ಹೇಳಿ ಅಂತಾಳೆ. ಆ ಕಾಲದಲ್ಲಿ ಒಬ್ಬ ಹುಡುಗಿ ತನ್ನ ಹಾಡನ್ನ ಎಣಿಸಿ, ಹೆಸರು ಹಾಕಿ, ಸೀಲ್ ಒತ್ತಿದ್ದಾಳೆ.

ಈ ಎಣಿಕೆಯಿಂದಲೇ ಪ್ರಬಂಧ ಉಳೀತು ಅಂತ ವೈಷ್ಣವರ ಕಥೆ. ನಾಥಮುನಿಗಳು ಅನ್ನೋ ಆಚಾರ್ಯರು ಒಂದು ದಿನ ಯಾತ್ರಿಕರ ಬಾಯಲ್ಲಿ "ಆರಾವಮುದೇ" ಅಂತ ಶುರುವಾಗೋ ಹತ್ತು ಪದ್ಯ ಕೇಳಿದ್ರು, ಕೊನೆಯಲ್ಲಿ ಸಾವಿರದಲ್ಲಿ ಈ ಹತ್ತು ಅಂತ ಬಂತು. ಹಾಗಾದ್ರೆ ಉಳಿದಿದ್ದು ಎಲ್ಲಿ? ಆ ಯಾತ್ರಿಕರಿಗೆ ಗೊತ್ತಿಲ್ಲ. ಹುಡುಕ್ಕೊಂಡು ಕುರುಗೂರಿಗೆ ಹೋಗಿ, ಮಧುರಕವಿ ಆಳ್ವಾರರ ಹಾಡನ್ನ 12,000 ಸಲ ಜಪ ಮಾಡಿದ ಮೇಲೆ ಸ್ವತಃ ನಮ್ಮಾಳ್ವಾರರೇ ಕಾಣಿಸ್ಕೊಂಡು ನಾಲ್ಕು ಸಾವಿರವನ್ನೂ ಕೊಟ್ರಂತೆ. ಶೈವರ ಕಥೆಯಲ್ಲಿ ತೇವಾರದ ತಾಳೆಗರಿ ಚಿದಂಬರದ ಒಂದು ಕೋಣೆಯಲ್ಲಿ ಬೀಗ ಹಾಕಿತ್ತು, ನಂಬಿಯಾಂಡಾರ್ ನಂಬಿ ತೆಗೆಸಿ ನೋಡಿದ್ರೆ ಬಹಳಷ್ಟು ಗೆದ್ದಲು ತಿಂದಿತ್ತು. ವೈಷ್ಣವರಿಗೆ ಪೂರ್ತಿ ಸಿಕ್ತು, ಶೈವರಿಗೆ ಗೆದ್ದಲು ಬಿಟ್ಟಿದ್ದು ಸಿಕ್ತು. ನನಗೆ ಗೆದ್ದಲಿನ ಕಥೆಯೇ ಹೆಚ್ಚು ಹತ್ತಿರ ಅನ್ಸುತ್ತೆ.

ಸಂಬಂದರ್ ಓದ್ವಾಗ ಇನ್ನೊಂದು ಪ್ಯಾಟರ್ನ್ ಗಮನಿಸಿ. ಸಾಮಾನ್ಯವಾಗಿ ಎಂಟನೇ ಪದ್ಯದಲ್ಲಿ ಕೈಲಾಸ ಎತ್ತೋಕೆ ಹೋದ ರಾವಣ, ಒಂಬತ್ತರಲ್ಲಿ ಶಿವನ ಆದಿ-ಅಂತ್ಯ ಸಿಗದ ಬ್ರಹ್ಮ-ವಿಷ್ಣು, ಹತ್ತರಲ್ಲಿ ಜೈನ-ಬೌದ್ಧರಿಗೆ ಬೈಗುಳ, ಹನ್ನೊಂದರಲ್ಲಿ ತನ್ನ ಹೆಸರು. ಆ ಹತ್ತನೇ ಪದ್ಯ ನಮಗೆ ಚುಚ್ಚುತ್ತೆ. ಪಂಪ, ರನ್ನ, ಜನ್ನ ಓದಿ ಬೆಳೆದೋರಿಗೆ ಜೈನರನ್ನ ಹಾಗೆ ಹಳಿಯೋದು ಕೇಳಿ ಒಂಥರಾ ಆಗುತ್ತೆ. ಅದನ್ನ ಮುಚ್ಚಿಡೋ ಪುಸ್ತಕಗಳು ನನಗೆ ಇಷ್ಟ ಆಗಲ್ಲ. ಆ ಭಕ್ತಿಯೊಳಗೇ ಆ ಜಗಳವೂ ಇತ್ತು, ರಾಜಾಶ್ರಯದ ಪೈಪೋಟಿಯೂ ಇತ್ತು, ಹಾಗೇ ಓದಿ.

ಆರು: ಸಂತರ ಕಥೆ ಹಾಡಿನ ಆಮೇಲೆ

ಬಹಳ ಪುಸ್ತಕ ಜೀವನಚರಿತ್ರೆಯಿಂದ ಶುರು ಆಗ್ತವೆ, ನಾನು ಉಲ್ಟಾ ಹೇಳ್ತೀನಿ. ಕಥೆಗಳು ಬಹುಪಾಲು ಆಮೇಲೆ ಕಟ್ಟಿದ್ದು, ಸೇಕ್ಕಿೞಾರ್ ಪೆರಿಯಪುರಾಣ ಬರೆದಿದ್ದು 12ನೇ ಶತಮಾನದಲ್ಲಿ, ಅಪ್ಪರ್ ಆಗಿ ಹೋಗಿ ಐನೂರು ವರ್ಷಕ್ಕೆ. ಆದ್ರೂ ಎರಡು ಕಥೆ ಹೇಳ್ದೇ ಇರೋಕಾಗಲ್ಲ.

ತಿರುಕ್ಕೋವಲೂರಿನಲ್ಲಿ ಒಂದು ಮಳೆ ರಾತ್ರಿ. ಪೊಯ್ಗೈ ಆಳ್ವಾರ್ ಒಂದು ಮನೆ ಜಗಲಿಯಲ್ಲಿ ಮಲಗಿದ್ರು. ಭೂತತ್ತಾಳ್ವಾರ್ ಬಂದ್ರು, ಒಬ್ಬರು ಮಲಗೋ ಜಾಗದಲ್ಲಿ ಇಬ್ಬರು ಕೂರಬಹುದು ಅಂತ ಕೂತ್ರು. ಪೇಯಾಳ್ವಾರ್ ಬಂದ್ರು, ಇಬ್ಬರು ಕೂರೋ ಕಡೆ ಮೂವರು ನಿಲ್ಲಬಹುದು ಅಂತ ನಿಂತ್ರು. ಆಮೇಲೆ ಕತ್ತಲಲ್ಲಿ ನಾಲ್ಕನೆಯೋನು ಯಾರೋ ತಳ್ಳೋಕೆ ಶುರು ಮಾಡ್ದ, ನಮ್ಮ ಸಿಟಿ ಬಸ್ ಥರ. ಯಾರಪ್ಪಾ ಅದು ಅಂತ ನೋಡೋಕೆ ಪೊಯ್ಗೈ ಒಂದು ದೀಪ ಹಚ್ಚಿದ್ರು: ಭೂಮಿ ಹಣತೆ, ಕಡಲು ತುಪ್ಪ, ಸೂರ್ಯ ದೀಪ. ಭೂತತ್ತಾರ್ ಇನ್ನೊಂದು ಹಚ್ಚಿದ್ರು: ಪ್ರೀತಿ ಹಣತೆ, ಆಸೆ ತುಪ್ಪ, ಕರಗೋ ಮನಸ್ಸು ಬತ್ತಿ. ಎರಡು ದೀಪದ ಬೆಳಕಲ್ಲಿ ಪೇಯಾಳ್ವಾರ್ "ತಿರುಕ್ಕಂಡೇನ್" ಅಂದ್ರು, ಕಂಡೇನ್ ಅಂದ್ರೆ ಕಂಡೆ, ಸಿರಿಯನ್ನ ಕಂಡೆ. ತಳ್ಳಿದ್ದು ಯಾರು ಅಂತ ಬೇರೆ ಹೇಳ್ಬೇಕಾ.

ಇನ್ನೊಂದು ಪೂಸಲಾರ್ ಕಥೆ. ದುಡ್ಡಿಲ್ಲದ ಮನುಷ್ಯ, ಮನಸ್ಸಲ್ಲೇ ಕಲ್ಲು ಕಲ್ಲಾಗಿ ಗುಡಿ ಕಟ್ಟಿ ಪ್ರತಿಷ್ಠೆಗೆ ಮುಹೂರ್ತ ಇಟ್ಟ. ಅದೇ ದಿನ ಕಂಚಿಯಲ್ಲಿ ರಾಜ ಕಟ್ಟಿಸಿದ ಕೈಲಾಸನಾಥ ದೇವಾಲಯದ ಪ್ರತಿಷ್ಠೆ. ಶಿವ ರಾಜನ ಕನಸಲ್ಲಿ ಬಂದು, ನಾಳೆ ನನಗೆ ಪೂಸಲಾರ್ ಮನೆಯಲ್ಲಿ ಫಂಕ್ಷನ್ ಇದೆ, ನಿಂದು ಇನ್ನೊಂದು ದಿನ ಇಟ್ಕೋ ಅಂದ. "ಉಳ್ಳವರು ಶಿವಾಲಯವ ಮಾಡುವರು" ನೆನಪಾಯ್ತಲ್ವಾ, ನನಗೂ ಆಯ್ತು. ಆ ಕೈಲಾಸನಾಥಕ್ಕೆ ಹೋದ್ರೆ ಒಂದು ಕಂಬದ ಮೇಲೆ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯನ ಕನ್ನಡ ಶಾಸನ ಇದೆ, ಕಂಚಿ ಗೆದ್ದ ಮೇಲೆ ದೇವಸ್ಥಾನದ ಸಂಪತ್ತು ವಾಪಸ್ ಕೊಟ್ಟ ಅಂತ. ಬಾದಾಮಿ ಲೆಕ್ಕ ಅಲ್ಲಿಗೆ ಚುಕ್ತಾ.

ಏಳು: ಕೇಳೋದು, ಹೋಗೋದು

ಓದೋದಕ್ಕಿಂತ ಕೇಳೋದು ಮುಖ್ಯ. ತೇವಾರಕ್ಕೆ ಪಣ್ ಅಂತ ಹಳೆಯ ರಾಗಪದ್ಧತಿ ಇದೆ, ದೇವಸ್ಥಾನದಲ್ಲಿ ಹಾಡೋರಿಗೆ ಓದುವಾರ್ ಅಂತಾರೆ, ಯೂಟ್ಯೂಬಲ್ಲಿ ಹೆಸರು ಹಾಕಿ ಹುಡುಕಿದ್ರೆ ಸಿಗ್ತಾರೆ. ತಿರುಪ್ಪಾವೈ ಮೂವತ್ತಕ್ಕೂ ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ ರಾಗ ಹಾಕಿದ್ದಾರೆ, ಮೊದಲನೇದು ನಾಟ. ಎಂ.ಎಲ್. ವಸಂತಕುಮಾರಿ ಹಾಡಿದ್ದು ಕೇಳಿ.

ಟೈಮ್‌ಟೇಬಲ್ ಬೇಕು ಅನ್ನೋರಿಗೆ ಧನುರ್ಮಾಸ ಒಳ್ಳೇದು, ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ. ತಿರುಪತಿಯಲ್ಲೂ ಆ ತಿಂಗಳು ಸುಪ್ರಭಾತದ ಬದಲು ತಿರುಪ್ಪಾವೈ. ದಿನಕ್ಕೊಂದೇ ಪದ್ಯ, ಬೆಳಗ್ಗೆ ಒಂದ್ಸಲ ಜೋರಾಗಿ ಓದೋದು, ಗೊತ್ತಿರೋ ಪದಕ್ಕೆ ಪೆನ್ಸಿಲಲ್ಲಿ ಗೆರೆ, ಆಮೇಲೆ ಅರ್ಥ ನೋಡೋದು. ಮೊದಲನೇ ದಿನ "ಮಾರ್ಗೞಿ ತಿಂಗಳ್ ಮದಿ ನಿರೈಂದ ನನ್ನಾಳಾಲ್, ನೀರಾಡ ಪೋದುವೀರ್ ಪೋದುಮಿನೋ": ಮಾರ್ಗಶಿರ ತಿಂಗಳು, ಚಂದ್ರ ತುಂಬಿದ ಒಳ್ಳೇ ದಿನ, ನೀರಾಡೋಕೆ ಬರೋರು ಬನ್ನಿ. ನಾಲ್ಕನೇ ದಿನ ಮಳೆ ಪದ್ಯ ಬರುತ್ತೆ, ಅವತ್ತು ಸ್ವಲ್ಪ ಜಾಸ್ತಿ ಟೈಮ್ ಇಟ್ಕೊಳ್ಳಿ. ಮೋಡ ಕಡಲೊಳಗೆ ಹೊಕ್ಕು, ಮೊಗೆದುಕೊಂಡು, ಗುಡುಗುತ್ತಾ ಮೇಲೇರಿ, ವಿಷ್ಣುವಿನ ಮೈಯಂತೆ ಕಪ್ಪಾಗಿ, ಅವನ ಚಕ್ರದ ಥರ ಮಿಂಚಿ, ಶಂಖದ ಥರ ಮೊರೆದು, ಬಿಲ್ಲಿಂದ ಬಾಣ ಬಿಟ್ಟ ಹಾಗೆ ಸುರೀಬೇಕಂತೆ. ಒಂದು ದಿನ ತಪ್ಪಿದ್ರೆ ಮರುದಿನ ಎರಡು ಓದಿ, ಏನೂ ಆಗಲ್ಲ. ಶೈವರ ಕಡೆಯೋರಿಗೆ ಅದೇ ತಿಂಗಳಿಗೆ ಮಾಣಿಕ್ಕವಾಚಕರ ತಿರುವೆಂಬಾವೈ ಇದೆ, 20 ಪದ್ಯ, ಅಲ್ಲೂ ಹುಡುಗಿಯರು ಬೆಳಗ್ಗೆ ಬೆಳಗ್ಗೆ ಒಬ್ಬರನ್ನೊಬ್ಬರು ಎಬ್ಬಿಸ್ತಾರೆ.

ಹೋಗೋಕೆ ದೂರ ಏನಿಲ್ಲ. ಬೆಂಗಳೂರಿಂದ ವೀಕೆಂಡಲ್ಲಿ ತಿರುವಣ್ಣಾಮಲೈಗೆ ಗಿರಿಪ್ರದಕ್ಷಿಣೆಗೆ ಅಂತ ಹೋಗ್ತಾನೇ ಇರ್ತೀರಿ, ಆ ಮೂರು ಜನ ಒತ್ಕೊಂಡು ನಿಂತ ಊರು, ಈಗ ತಿರುಕ್ಕೋಯಿಲೂರ್ ಅಂತಾರೆ, ಅಲ್ಲಿಂದ 40 ಕಿಲೋಮೀಟರ್ ಒಳಗೇ. ಚಿದಂಬರಕ್ಕೆ ಹೋದ್ರೆ ನಟರಾಜನ ಪಕ್ಕದಲ್ಲೇ ಗೋವಿಂದರಾಜ ಮಲಗಿದ್ದಾನೆ, ಎರಡು ಕಡೆಯ ಹಾಡೂ ಒಂದೇ ಪ್ರಾಕಾರದಲ್ಲಿ ಓದಬಹುದು. ಆಳ್ವಾರರ 108 ದಿವ್ಯದೇಶಗಳಲ್ಲಿ, ಅಂದ್ರೆ ಅವರು ಹಾಡಿರೋ ವಿಷ್ಣುಕ್ಷೇತ್ರಗಳಲ್ಲಿ, ಕರ್ನಾಟಕದ್ದು ಒಂದೂ ಇಲ್ಲ, ಮೇಲುಕೋಟೆ ಕೂಡ ಆ ಪಟ್ಟಿಯಲ್ಲಿ ಇಲ್ಲ. ಆದ್ರೆ ತೇವಾರದೋರು ನಮ್ಮನ್ನ ಬಿಟ್ಟಿಲ್ಲ, ಗೋಕರ್ಣದ ಮೇಲೆ ಸಂಬಂದರ್‌ದು ಒಂದು, ಅಪ್ಪರ್‌ದು ಒಂದು ಹಾಡಿದೆ. ಮುಂದಿನ ಸಲ ಗೋಕರ್ಣಕ್ಕೆ ಬೀಚ್ ಅಂತ ಹೋದಾಗ ಫೋನಲ್ಲಿ ಆ ಎರಡು ಹಾಡನ್ನ ಕನ್ನಡ ಲಿಪಿಗೆ ಹಾಕ್ಕೊಂಡು ಹೋಗಿ, ಮಹಾಬಲೇಶ್ವರನ ಕ್ಯೂನಲ್ಲಿ ಹೇಗೂ ಟೈಮ್ ಸಿಗುತ್ತೆ.